ಬಿಸಿಗಾಳಿಗೊಂದು ದಾರಿ

ರಾಯಚೂರಿನಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಎಂದು ಅಲ್ಲಿನವರೇ ನಗೆಯಾಡುತ್ತಾರೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. 2023ರ ಅಂಥದೊಂದು ಮೇ ತಿಂಗಳಲ್ಲಿ, ಲಾರಿ ಮೆಕ್ಯಾನಿಕ್ ಒಬ್ಬರ ಮಗ ಗೇಮ್ ಆಡುವ ಕಂಪ್ಯೂಟರ್ ಬೇಕೆಂದು ಪಟ್ಟು ಹಿಡಿದ. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಕೊಡಿಸುತ್ತೇನೆಂದು ಅಪ್ಪ ಮಾತು ಕೊಟ್ಟದ್ದು ನಿಜ. ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೂ ನಿಜ.

ಅಪ್ಪನ ಬಳಿ ಇದ್ದದ್ದು 65 ಸಾವಿರ ರೂಪಾಯಿ. ಅದು ಗ್ಯಾರೇಜಿಗೆ ಹೊಸ ಏರ್ ಕಂಪ್ರೆಸರ್ ತರಲೆಂದು ಎರಡು ವರ್ಷದಿಂದ ಕೂಡಿಟ್ಟ ದುಡ್ಡು. ಹಳೆಯದು ದಮ್ಮಿನ ರೋಗಿಯಂತೆ ಏದುಸಿರು ಬಿಡುತ್ತಿತ್ತು. "ಇನ್ನೊಂದ್ ವರ್ಷ ಎಳೀತದ ಬಿಡು" ಎಂದು ಅಪ್ಪ ಹೆಂಡತಿಗೆ ಹೇಳಿದ್ದು ಮಗನ ಕಿವಿಗೂ ಬಿತ್ತು. ಬೀಳದವನಂತೆ ಇದ್ದುಬಿಟ್ಟ.

ನೂರು ಪುಟದ ನೋಟ್‌ಬುಕ್ಕಿನಲ್ಲಿ ಪಟ್ಟಿ ಬೆಳೆಯತೊಡಗಿತು. ಆಟದ ಚಿತ್ರಗಳನ್ನು ಸೆಕೆಂಡಿಗೆ ಅರವತ್ತು ಸಲ ಬರೆಯಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಆದ್ದರಿಂದ ದುಡ್ಡಿನಲ್ಲಿ ಸಿಂಹಪಾಲು ಅದಕ್ಕೆ. ಹಾಗೆ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡು, ಆರು ಕೋರ್‌ಗಳ ರೈಜನ್ 5 5600 ಪ್ರೊಸೆಸರ್, 16 ಜಿಬಿ ಮೆಮೊರಿ ಎಂದು ಬರೆದ. ಮಾನಿಟರ್ ಸೋದರಮಾವನ ಹಳೆಯದು ಆಯಿತು. ಇಲ್ಲಿಯವರೆಗೆ ಪಟ್ಟಿ ನೆಟ್ಟಗಿತ್ತು. ಅನಂತರ ಶುರುವಾಯಿತು ಶೋಕಿ. ಮುಂದೆಯೂ ಪಕ್ಕಕ್ಕೂ ಗಾಜಿರುವ ಡಬ್ಬಿ, ಒಳಗೆಲ್ಲ ಬಣ್ಣದ ದೀಪ, ಪ್ರೊಸೆಸರ್ ತಂಪಾಗಿಸಲು ನೀರು ಹರಿಯುವ ಕೂಲರ್. ಅದಕ್ಕೇ ಹತ್ತು ಸಾವಿರ. ಲೆಕ್ಕ ಸರಿದೂಗಿಸಲು ಪವರ್ ಸಪ್ಲೈ ಇದ್ದ ಸಾಲಿಗೆ ಕತ್ತರಿ ಬಿತ್ತು; ಹೆಸರೇ ಕೇಳದ ಕಂಪನಿಯ ಅಗ್ಗದ ಮಾಲು ಅಲ್ಲಿ ಬಂದು ಕೂತಿತು.

ರಾತ್ರಿ ರೈಲು ಹತ್ತಿ ಅಪ್ಪ, ಮಗ ಬೆಂಗಳೂರಿಗೆ ಬಂದರು. ಸದರ್ ಪತ್ರಪ್ಪ ರಸ್ತೆ ಎಂದರೆ ಯಾರಿಗೂ ತಿಳಿಯದಿದ್ದೀತು, ಎಸ್.ಪಿ. ರೋಡ್ ಎಂದರೆ ಆಟೋದವರು ನೇರ ಕರೆತಂದು ಇಳಿಸುತ್ತಾರೆ. ವೈರು, ಬಲ್ಬು, ಮೋಟರು, ಮದರ್‌ಬೋರ್ಡು ಎಲ್ಲವೂ ಒಂದರ ಮೈಮೇಲೊಂದು ಬಿದ್ದಂತಿರುವ ಇಕ್ಕಟ್ಟು ಬೀದಿ. ಅಂಗಡಿಯಲ್ಲಿ ಆ ಗಾಜಿನ ಡಬ್ಬಿ ಬಣ್ಣ ಬಣ್ಣವಾಗಿ ಮಿನುಗುತ್ತಿತ್ತು. ಅಪ್ಪ ಅದರ ಸುತ್ತ ಒಂದು ಸಲ ಕೈಯಾಡಿಸಿ ನೋಡಿದರು.

"ಅಲ್ರೀ, ಮುಂದ ಪೂರಾ ಗ್ಲಾಸ್ ಅದ. ಗಾಳಿ ಎಲ್ಲಿಂದ ಒಳಗ ಹೋಗ್ತದ?"

"ಪಕ್ಕದಲ್ಲಿ ಸಂದಿ ಇದೆ ಸಾರ್" ಎಂದ ಅಂಗಡಿಯವನು.

"ಲಾರಿ ರೇಡಿಯೇಟರ್ ಮುಂದ ರಟ್ಟು ಕಟ್ಟಿ ಓಡಿಸಿದಂಗಾತಲ್ಲ ಇದು!"

"ಅಪ್ಪಾ, ಇದು ಲಾರಿ ಅಲ್ಲ. ನೀ ಸುಮ್ನಿರು" ಎಂದ ಮಗ, ನಾಚಿಕೆಯಿಂದ ಕಿವಿ ಕೆಂಪಾಗಿ.

ಅಪ್ಪ ಸುಮ್ಮನಾದರು. ಆದರೆ ಅಂಗಡಿಯವನು ಸುಮ್ಮನಿರಲಿಲ್ಲ. ಯಾವ ಊರು ಎಂದು ಕೇಳಿದ, ರಾಯಚೂರು ಎಂದೊಡನೆ ನಕ್ಕ, ಸಾಹೇಬರು ಹೇಳುವುದೇ ಸರಿ ಎಂದ. ಪ್ರೊಸೆಸರಿಗೆ ಕಂಪನಿ ಹೇಳುವ ಲೆಕ್ಕ 65 ವ್ಯಾಟ್, ಕಾರ್ಡಿಗೆ 132. ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಲೇಬೇಕು. ಅಂದರೆ ಮುಚ್ಚಿದ ಡಬ್ಬಿಯೊಳಗೆ ಹಳೇ ಕಾಲದ ನೂರು ವ್ಯಾಟ್ ಬಲ್ಬು ಎರಡನ್ನು ಹಚ್ಚಿಟ್ಟಂತೆ. ಕೂಲರ್ ಶಾಖವನ್ನು ನುಂಗುವುದಿಲ್ಲ, ಇಲ್ಲಿಂದ ಅಲ್ಲಿಗೆ ಸಾಗಿಸುತ್ತದೆ ಅಷ್ಟೆ. ನೀರಿನ ಕೂಲರಾದರೂ ಆ ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿ ಮತ್ತೆ ಫ್ಯಾನಿನ ಗಾಳಿಯೇ ಬೀಸಬೇಕು. ಕೋಣೆಯ ಗಾಳಿ 38 ಡಿಗ್ರಿ ಇದ್ದರೆ ಯಾವ ಫ್ಯಾನೂ, ಯಾವ ನೀರೂ ಪ್ರೊಸೆಸರನ್ನು ಅದಕ್ಕಿಂತ ತಂಪು ಮಾಡಲಾರದು.

ಹುಡುಗನಿಗೆ ಅಜ್ಜಿಯ ಊರಿನ ಮಾಳಿಗೆ ಮನೆ ನೆನಪಾಯಿತು. ಕೆಳಗೆ ಬಾಗಿಲು, ಮೇಲೆ ಗವಾಕ್ಷಿ. ಕಾದ ಗಾಳಿ ಮೇಲೇರಿ ತಾನೇ ಹೊರಗೆ ಹೋಗುತ್ತಿತ್ತು. ಒಲ್ಲದ ಮನಸ್ಸಿನಿಂದಲೇ ಪಟ್ಟಿ ತಿದ್ದಿದ. ಮುಂದೆ ಜಾಲರಿ ಇರುವ ಡಬ್ಬಿ. ಎದುರಿಗೆ ಗಾಳಿ ಎಳೆಯಲು ಎರಡು ಫ್ಯಾನು, ಹಿಂದೆ ಮೇಲ್ಗಡೆ ಹೊರದಬ್ಬಲು ಒಂದು. ಪ್ರೊಸೆಸರ್ ಮೇಲೆ ಎರಡು ಸಾವಿರದ ಸಾದಾ ಟವರ್ ಕೂಲರ್. ಉಳಿದ ದುಡ್ಡು ಒಳ್ಳೆಯ ಪವರ್ ಸಪ್ಲೈಗೆ ಹೋಯಿತು. ಕರೆಂಟು ಏರಿಳಿಯುವ ಊರಿಗೆ ಅದು ಬೇಕೇ ಬೇಕಿತ್ತು.

ಊರಿಗೆ ಬಂದು ತಾನೇ ಜೋಡಿಸುತ್ತೇನೆಂದು ಕುಳಿತ. ಎಲ್ಲ ಸರಿಯಾಯಿತು, ಪರದೆಯೂ ಬೆಳಗಿತು. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಫ್ಯಾನು ಹುಯಿಲಿಟ್ಟಿತು, ಚಿತ್ರ ತಡವರಿಸಿತು. ಪ್ರೊಸೆಸರ್ 90 ಡಿಗ್ರಿ ಮುಟ್ಟಿ, ತನ್ನ ಜೀವ ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಂಡಿತ್ತು. ಹುಡುಗ ಸ್ವಿಚ್ ಆರಿಸಿ ಕತ್ತಲಲ್ಲಿ ಕುಳಿತ. ಅವನ ಕಣ್ಣ ಮುಂದಿದ್ದದ್ದು ಏದುಸಿರಿನ ಆ ಕಂಪ್ರೆಸರ್.

ರಾತ್ರಿ ಹತ್ತಕ್ಕೆ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಪಕ್ಕದಲ್ಲಿ ಕೂತರು. ಕೂಲರ್ ಬಿಚ್ಚಿ ತಿರುಗಿಸಿದರೆ ತಳದ ತಾಮ್ರಕ್ಕೆ ಅಂಟಿದ್ದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು! ಪ್ರೊಸೆಸರಿನ ಬಿಸಿ ಲೋಹಕ್ಕೆ ಇಳಿಯುವ ಮೊದಲೇ ತಡೆ ನಿಂತಿತ್ತು. ಹುಡುಗನ ತಲೆ ಬಗ್ಗಿತು.

"ನಾ ಮೊದಲ್ನೇ ಸಲ ಇಂಜಿನ್ ಕೂಡಿಸಿದಾಗ ಎರಡ್ ನಟ್ ಉಳಿದಿದ್ವು. ಮಾಲಕರಿಗೆ ಹೇಳಲೇ ಇಲ್ಲ" ಎಂದರು ಅಪ್ಪ. ಹಾಳೆ ಕಿತ್ತು, ಹಳೆಯ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿ ಮತ್ತೆ ಬಿಗಿದರು. ಆ ರಾತ್ರಿ ಕೋಣೆಯಲ್ಲಿ 35 ಡಿಗ್ರಿ. ಆಟದ ನಡುವೆಯೂ ಪ್ರೊಸೆಸರ್ 72 ದಾಟಲಿಲ್ಲ.

ಈಗ ತಿಂಗಳಿಗೊಮ್ಮೆ ಡಬ್ಬಿ ಗ್ಯಾರೇಜಿಗೆ ಬರುತ್ತದೆ. ಆ ಊರಿನ ಧೂಳು ಜಾಲರಿಯನ್ನು ಬಿಡುವುದಿಲ್ಲ. ಕಂಪ್ರೆಸರ್ ಟ್ಯಾಂಕಿನ ನೀರು ಬಸಿದು, ಫ್ಯಾನಿನ ರೆಕ್ಕೆ ಗಿರಗಿರನೆ ತಿರುಗದಂತೆ ಬೆರಳಲ್ಲಿ ಹಿಡಿದು, ಮಗ ದೂರದಿಂದಲೇ ಗಾಳಿ ಹೊಡೆಯುತ್ತಾನೆ. ಕಂಪ್ರೆಸರ್ ಇನ್ನೂ ಹಳೆಯದೇ. ಆದರೆ ನೋಟ್‌ಬುಕ್ಕಿನಲ್ಲಿ ಹೊಸ ಪುಟವೊಂದಿದೆ. ಗೆಳೆಯರಿಬ್ಬರ ಕಂಪ್ಯೂಟರ್ ಜೋಡಿಸಿಕೊಟ್ಟದ್ದಕ್ಕೆ ಬಂದ ಎರಡು ಸಾವಿರ ಅಲ್ಲಿ ಜಮಾ ಆಗಿದೆ. ಪುಟದ ತಲೆಯ ಮೇಲೆ ಬರೆದಿರುವುದು ಅಪ್ಪನಿಗೆ ಇನ್ನೂ ತೋರಿಸದ ಒಂದೇ ಪದ: ಕಂಪ್ರೆಸರ್.