ತುರ್ಕಿಯ ಮತ, ಗೋವಾದ ದಾರಿ

ನಮ್ಮ ಹುನಗುಂದದ ಕಡೆ ಗೋವಾ ಎಂದರೆ ಜನರಿಗೆ ಮೊದಲು ನೆನಪಾಗುವುದು ದುಡಿಮೆ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಹೊರಡುವವರು ವಾಸ್ಕೋ, ಮಡಗಾಂವ್, ಪಣಜಿಯ ಹೆಸರುಗಳನ್ನು ಇಳಕಲ್ಲು, ಬಾಗಲಕೋಟೆಯಷ್ಟೇ ಸಲೀಸಾಗಿ ಹೇಳುತ್ತಾರೆ. ನನ್ನ ಮಾಮು ಕೂಡ ಹಾಗೆ ಹೋಗಿ ಹದಿನೈದು ವರ್ಷ ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡಿದರು. ಆ ದಾರಿ ಮೊದಲಿನಿಂದಲೂ ತೆರೆದೇ ಇತ್ತೆಂದು ಅವರು ನಂಬಿದ್ದರು. 1961ರ ಡಿಸೆಂಬರಿನವರೆಗೆ ಅದೇ ದಾರಿಯ ಮೇಲೆ ಪೋರ್ಚುಗಲ್ ದೇಶದ ಗಡಿ ಇತ್ತು ಎಂದು ನಾನು ಹೇಳಿದಾಗ ಅವರು ನಕ್ಕುಬಿಟ್ಟರು.

ನಾನು ಕಲಿತದ್ದು ಎರಡು ಶಾಲೆಗಳಲ್ಲಿ. ಉರ್ದು ಶಾಲೆಯ ಉಸ್ತಾದರು, ಗೋವಾ ನಮ್ಮ ಬಿಜಾಪುರದ ಆದಿಲ್‌ಶಾಹಿಗಳದ್ದಾಗಿತ್ತು, 1510ರಲ್ಲಿ ಅಲ್ಬುಕರ್ಕ್ ಅದನ್ನು ಕಸಿದುಕೊಂಡು ಅಲ್ಲಿಯ ಮುಸ್ಲಿಮರನ್ನು ಕೊಲ್ಲಿಸಿದ ಎಂದು ಹೇಳಿಕೊಟ್ಟರು. ಕನ್ನಡ ಹೈಸ್ಕೂಲಿನ ಮಾಸ್ತರರು, 1961ರಲ್ಲಿ ನಮ್ಮ ಸೈನ್ಯ ಎರಡೇ ದಿನದಲ್ಲಿ ಗೋವಾವನ್ನು ಬಿಡಿಸಿತು ಎಂದರು. ಎರಡೂ ನಿಜ. ಆದರೆ ಬ್ರಿಟಿಷರು 1947ರಲ್ಲಿ ಹೋದ ಮೇಲೂ, ಫ್ರೆಂಚರು 1954ರಲ್ಲಿ ಪಾಂಡಿಚೇರಿಯನ್ನು ಬಿಟ್ಟುಕೊಟ್ಟ ಮೇಲೂ ಪೋರ್ಚುಗಲ್‌ನಂಥ ಬಡ ದೇಶ ಹೇಗೆ ಗಟ್ಟಿಯಾಗಿ ಕೂತಿತ್ತು ಎಂಬುದನ್ನು ಯಾವ ಶಾಲೆಯೂ ಹೇಳಲಿಲ್ಲ.

ಉತ್ತರ ದೂರದ ಅಟ್ಲಾಂಟಿಕ್ ಸಾಗರದಲ್ಲಿತ್ತು. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ಅಮೆರಿಕದ ವಿಮಾನ ನೆಲೆ ಇತ್ತು. ಸೋವಿಯತ್ ಒಕ್ಕೂಟದ ವಿರುದ್ಧ ಯುರೋಪನ್ನು ಕಾಯಲು ಆ ನೆಲೆ ಬೇಕೇಬೇಕು ಎಂಬುದು ಅಮೆರಿಕದ ಸೇನಾ ಲೆಕ್ಕ. ಹಾಗಾಗಿ 1949ರಲ್ಲಿ ನೇಟೋ ಒಕ್ಕೂಟ ಹುಟ್ಟಿದಾಗ, ಸರ್ವಾಧಿಕಾರಿ ಸಲಜಾರ್‌ನ ಪೋರ್ಚುಗಲ್ ಕೂಡ ಅದರ ಸ್ಥಾಪಕ ಸದಸ್ಯವಾಯಿತು. 1951ರಲ್ಲಿ ಸಲಜಾರ್ ತನ್ನ ವಸಾಹತುಗಳಿಗೆ 'ಸಾಗರದಾಚೆಯ ಪ್ರಾಂತ್ಯಗಳು' ಎಂದು ಹೊಸ ಹೆಸರಿಟ್ಟ. ಹೆಸರು ಬದಲಾದರೆ ಗುಲಾಮಗಿರಿಯೂ ಬದಲಾಗುತ್ತದೆ ಎಂಬ ಉಪಾಯ ಅದು. 1955ರ ಕೊನೆಯಲ್ಲಿ ಕ್ರುಶ್ಚೇವ್ ಮತ್ತು ಬುಲ್ಗಾನಿನ್ ಭಾರತಕ್ಕೆ ಬಂದು ಗೋವಾದ ವಿಷಯದಲ್ಲಿ ನಮ್ಮ ಪರ ಮಾತನಾಡಿದರು. ಕೂಡಲೇ ಅಮೆರಿಕದ ವಿದೇಶಾಂಗ ಸಚಿವ ಡಲೆಸ್, ಪೋರ್ಚುಗಲ್‌ನ ಸಚಿವರೊಂದಿಗೆ ಜಂಟಿ ಹೇಳಿಕೆ ಹೊರಡಿಸಿ ಆ 'ಪ್ರಾಂತ್ಯ' ಎಂಬ ಪದವನ್ನೇ ಬಳಸಿದರು. ಅದೇ ವರ್ಷದ ಆಗಸ್ಟ್ 15ರಂದು ಗೋವಾದ ಗಡಿಯಲ್ಲಿ ಗುಂಡಿಗೆ ಬಲಿಯಾದ ನಿರಾಯುಧ ಸತ್ಯಾಗ್ರಹಿಗಳ ರಕ್ತ ಆ ಹೇಳಿಕೆಯಲ್ಲಿ ಕಾಣಲಿಲ್ಲ.

ಈ ದೊಡ್ಡವರ ಜಗಳ ಕೊನೆಗೆ ನಮ್ಮ ಅಂಗಳಕ್ಕೇ ಬಂತು. ಕಾರವಾರದ ಎದುರಿನ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ 'ಸಾಬರಮತಿ' ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಒಬ್ಬ ಮೀನುಗಾರ ಸತ್ತ. ಡಿಸೆಂಬರಿನಲ್ಲಿ ಬೆಳಗಾವಿಗೆ ಸೈನ್ಯ ಬಂದು ಸೇರಿತು. 17ರ ರಾತ್ರಿ ಕಾರ್ಯಾಚರಣೆ ಆರಂಭವಾಯಿತು. ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ರೇಡಿಯೋ ಕೇಂದ್ರವನ್ನು ಒಡೆದವು. ಪುಣೆಯಿಂದ ಬಂದ ಕ್ಯಾನ್ಬೆರಾ ವಿಮಾನಗಳು ದಾಬೋಳಿ ರನ್‌ವೇ ಮೇಲೆ ಬಾಂಬು ಹಾಕಿದವು. ಅಂಜದೀವ್ ದ್ವೀಪದಲ್ಲಿ ಇಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಪ್ರಾಣ ಕೊಟ್ಟರು. ಅವರ ಬೆನ್ನಿಗೆ ನಿಂತ ಯುದ್ಧನೌಕೆಯ ಹೆಸರು 'ಮೈಸೂರು'. 19ರ ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಕೊನೆಯ ಉಸಿರಿನವರೆಗೆ ಕಾದಾಡಬೇಕೆಂಬ ಸಲಜಾರ್‌ನ ಆಜ್ಞೆಯನ್ನು ಮೀರಿ ಸಾವಿರಾರು ಜೀವ ಉಳಿಸಿದ ಆ ಮನುಷ್ಯನನ್ನು ಅವರ ದೇಶ ಸೈನ್ಯದಿಂದ ಹೊರಹಾಕಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 'ಮೈಸೂರು' ಹಡಗು ಮೊದಲು ಬ್ರಿಟಿಷ್ ನೌಕಾಪಡೆಯಲ್ಲಿತ್ತು. ಹಂಟರ್, ಕ್ಯಾನ್ಬೆರಾ ವಿಮಾನಗಳೂ ಬ್ರಿಟನ್ನಿನಿಂದ ಬಂದವು. ನೇಟೋ ದೇಶದಿಂದ ಕೊಂಡ ಆಯುಧಗಳಿಂದ ನಾವು ಇನ್ನೊಂದು ನೇಟೋ ದೇಶವನ್ನು ಹೊರಹಾಕಿದೆವು. ಯಾವ ಬಣಕ್ಕೂ ಸೇರದೆ ಎಲ್ಲರ ಜೊತೆ ವ್ಯವಹಾರ ಇಟ್ಟುಕೊಳ್ಳುವ ನೆಹರೂ ಅವರ ಅಲಿಪ್ತ ನೀತಿ ಆಚರಣೆಯಲ್ಲಿ ಹೀಗಿತ್ತು.

ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೇರಿತು. ಭಾರತ ಕದನ ನಿಲ್ಲಿಸಿ ಸೈನ್ಯವನ್ನು ಹಿಂದಕ್ಕೆ ಕರೆಸಬೇಕು ಎಂಬ ನಿರ್ಣಯಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್, ತುರ್ಕಿ, ಚಿಲಿ, ಈಕ್ವೆಡಾರ್ ಹಾಗೂ ಆಗ ಚೀನಾದ ಸ್ಥಾನದಲ್ಲಿದ್ದ ತೈವಾನ್ ಸರಕಾರ ಕೈ ಎತ್ತಿದವು. ನಮ್ಮ ಪರ ನಿಂತದ್ದು ಸೋವಿಯತ್ ಒಕ್ಕೂಟ, ಸಿಲೋನ್, ಲೈಬೀರಿಯಾ ಮತ್ತು ನಾಸರ್ ಅವರ ಸಂಯುಕ್ತ ಅರಬ್ ಗಣರಾಜ್ಯ. ಏಳಕ್ಕೆ ನಾಲ್ಕು. ಸೋವಿಯತ್ ವಿಟೋದಿಂದ ನಿರ್ಣಯ ಬಿದ್ದುಹೋಯಿತು.

ಕೆಲವು ವರ್ಷಗಳ ಹಿಂದೆ ಗೋವಾ ವಿಮೋಚನಾ ದಿನದಂದು ಊರಿನ ಗೆಳೆಯರೊಬ್ಬರ ಬಟ್ಟೆ ಅಂಗಡಿಯಲ್ಲಿ ಈ ಮಾತು ಬಂತು. ಅವರು ಒಳ್ಳೆಯ ಮನುಷ್ಯ, ಈದ್‌ಗೆ ನಮ್ಮ ಮನೆಯ ಸುರಕುಂಬಾ ತಪ್ಪಿಸಿದವರಲ್ಲ. ಅವರು ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದರು: "ಅಲ್ರೀ ಸಾಹೇಬ್ರ, ತುರ್ಕಿಯವ್ರು ನಿಮ್ಮವ್ರಲ್ಲೇನ್ರಿ? ಅವ್ರ್ಯಾಕ ನಮ್ಮ ವಿರುದ್ಧ ಕೈ ಎತ್ತಿದ್ರು?"

'ನಿಮ್ಮವ್ರು', 'ನಮ್ಮ' ಎಂಬ ಆ ಎರಡು ಪದಗಳ ನಡುವೆ ನಾನು ಎಲ್ಲಿ ನಿಲ್ಲಬೇಕು? ಹುನಗುಂದದಲ್ಲಿ ಹುಟ್ಟಿ, ಇದೇ ಊರಿನ ಕೆರೆಯ ನೀರು ಕುಡಿದು, ಎಂದೂ ಕಾಣದ ತುರ್ಕಿಯ ಮತಕ್ಕೆ ನಾನು ಉತ್ತರ ಕೊಡಬೇಕಿತ್ತು. ಸಿಟ್ಟು ಮಾಡಿಕೊಳ್ಳಲಿಲ್ಲ. ಅವರ ಬಿಲ್ ಪುಸ್ತಕದ ಹಿಂದೆ ಆ ಹನ್ನೊಂದು ದೇಶಗಳ ಹೆಸರು ಬರೆದು ತೋರಿಸಿದೆ.

ತುರ್ಕಿ 1952ರಲ್ಲಿ ನೇಟೋ ಸೇರಿತ್ತು; ಅಮೆರಿಕದ ಜ್ಯುಪಿಟರ್ ಕ್ಷಿಪಣಿಗಳಿಗೆ ತನ್ನ ನೆಲ ಕೊಡಲು ಒಪ್ಪಿತ್ತು. ಅದು ತನ್ನ ಒಕ್ಕೂಟಕ್ಕೆ ಮತ ಹಾಕಿತು. ಮುಸ್ಲಿಂ ರಾಷ್ಟ್ರವೆಂದು ಕರೆದುಕೊಳ್ಳುವ ಪಾಕಿಸ್ತಾನ ಅಂದು ಕ್ಯಾಥೊಲಿಕ್ ಪೋರ್ಚುಗಲ್ ಪರ ನಿಂತು ನಮ್ಮನ್ನು ಖಂಡಿಸಿತು. ಅದೂ ಅಮೆರಿಕದ ಸೇನಾ ಕೂಟಗಳಲ್ಲಿತ್ತು. ಅತ್ತ ನಾಸರ್ ಅವರ ಈಜಿಪ್ಟ್ 1956ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲಿನ ದಾಳಿಯನ್ನು ಎದುರಿಸಿತ್ತು. ಅಂದು ಭಾರತ ಅದರ ಪರ ಮಾತನಾಡಿತ್ತು. ವಸಾಹತುಶಾಹಿಯ ಪೆಟ್ಟು ತಿಂದವರು ನಮ್ಮ ನೋವನ್ನು ಗುರುತಿಸಿದರು. ಇನ್ನು ಗೋವಾದ ಕ್ಯಾಥೊಲಿಕರೆಲ್ಲ ಪೋರ್ಚುಗಲ್‌ನವರೇ ಎನ್ನುವುದಾದರೆ, ಗೋವಾದ ಬಿಡುಗಡೆಗಾಗಿ ಪೋರ್ಚುಗಲ್‌ನ ಸೆರೆಮನೆ ಕಂಡ ಟಿ.ಬಿ. ಕುನ್ಹಾ ಯಾರವರು?

ಏಳು ಮಂದಿಯೆಲ್ಲ ದುಷ್ಟರು, ನಾಲ್ವರೆಲ್ಲ ಸಜ್ಜನರು ಎಂದೂ ನಾನು ಹೇಳಲಾರೆ. ಶಾಂತಿಯ ಮಾತನಾಡುತ್ತಿದ್ದ ನೆಹರೂ ಬಲಪ್ರಯೋಗ ಮಾಡಿದ್ದು ವಿಶ್ವಸಂಸ್ಥೆಯ ಸನ್ನದಿಗೆ ಸರಿಯೇ ಎಂಬ ಪ್ರಶ್ನೆಯಲ್ಲಿ ಹುರುಳಿತ್ತು. ನಮ್ಮನ್ನು ಉಳಿಸಿದ ಸೋವಿಯತ್ ಒಕ್ಕೂಟವೇ ಐದು ವರ್ಷಗಳ ಹಿಂದೆ ಹಂಗೇರಿಯ ಮೇಲೆ ಟ್ಯಾಂಕು ಹರಿಸಿತ್ತು. ಮರುವರ್ಷ, 1962ರ ಅಕ್ಟೋಬರಿನಲ್ಲಿ ಚೀನಾ ನಮ್ಮ ಮೇಲೆ ಬಂದಾಗ, ಕ್ಯೂಬಾ ಬಿಕ್ಕಟ್ಟಿನಲ್ಲಿ ಸಿಲುಕಿದ್ದ ಅದೇ ಸೋವಿಯತ್ ಒಕ್ಕೂಟ ನಮ್ಮ ಪರ ಗಟ್ಟಿಯಾಗಿ ನಿಲ್ಲಲಿಲ್ಲ. ನೆಹರೂ ಅಮೆರಿಕದ ಕೆನಡಿಗೆ ಪತ್ರ ಬರೆದು ವಿಮಾನಗಳನ್ನು ಕೇಳಬೇಕಾಯಿತು. ತುರ್ಕಿಗೆ ಸಿಕ್ಕಿದ್ದೇನು? ಕ್ಯೂಬಾದ ಬಿಕ್ಕಟ್ಟನ್ನು ಮುಗಿಸಲು ಅದರ ನೆಲದ ಕ್ಷಿಪಣಿಗಳನ್ನು ತೆಗೆಯುವುದಾಗಿ ಅಮೆರಿಕ ಗುಟ್ಟಾಗಿ ಮಾತುಕೊಟ್ಟಿತು. ತುರ್ಕಿಯನ್ನು ಕೇಳಲೂ ಇಲ್ಲ.

ಗೆಳೆಯರು ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, "ಇದರಾಗ ಧರ್ಮದ ಲೆಕ್ಕಾನ ಕೂಡೂದಿಲ್ಲ ಬಿಡ್ರಿ" ಎಂದರು.

ಕೂಡುವುದಿಲ್ಲ ನಿಜ. ಆದರೂ ಆ ಲೆಕ್ಕವನ್ನು ಕೇಳುವವರು ಇಂದಿಗೂ ಇದ್ದಾರೆ. ಯಾವುದೋ ದೇಶದ ಮಂತ್ರಿ ಏನೋ ಅಂದರೆ ಇಲ್ಲಿ ಪಂಕ್ಚರ್ ಹಾಕುವ ಹುಡುಗ, ಬಳೆ ಮಾರುವ ಹೆಂಗಸು ಉತ್ತರ ಕೊಡಬೇಕಾಗುತ್ತದೆ. ಸರಕಾರಗಳು ನೆಲೆ, ಆಯುಧ, ಸ್ವಂತ ಭಯ ಇವುಗಳನ್ನು ತೂಗಿ ಮತ ಹಾಕುತ್ತವೆ. ಆ ಮತದ ಕಾರಣವನ್ನು ಸರಕಾರಗಳನ್ನೇ ಕೇಳಬೇಕು, ನೆರೆಮನೆಯವನನ್ನಲ್ಲ.

ಪೋರ್ಚುಗಲ್‌ನಲ್ಲಿ 1974ರಲ್ಲಿ ಸರ್ವಾಧಿಕಾರ ಬಿದ್ದ ಮೇಲೆ, ಆ ದೇಶ ಗೋವಾ ಭಾರತದ್ದೆಂದು ಒಪ್ಪಿಕೊಂಡಿತು. ಅಂಜದೀವ್ ಎದುರಿನ ಕಾರವಾರದಲ್ಲಿ ಈಗ ನಮ್ಮ ದೊಡ್ಡ ನೌಕಾನೆಲೆಯಿದೆ. ನಮ್ಮ ಕಡೆಯ ಕೂಲಿಗಳು ಗೋವಾದಲ್ಲಿ ಇನ್ನೂ ಮನೆಗಳನ್ನು ಕಟ್ಟುತ್ತಿದ್ದಾರೆ. ಅಲ್ಲಿ ಅವರನ್ನು 'ಘಾಟಿ'ಗಳೆಂದು, ಹೊರಗಿನವರೆಂದು ಕರೆಯುವವರೂ ಇದ್ದಾರೆ. ಮಾಮು ಕೂಡ ಆ ಮಾತನ್ನು ಸಾಕಷ್ಟು ಕೇಳಿದವರು. ಹಾಗೆ ಕರೆಯುವವರಿಗೂ, ಊರಿನಲ್ಲಿ 'ನಿಮ್ಮವ್ರು' ಎನ್ನುವವರಿಗೂ ನನ್ನದು ಒಂದೇ ಕೋರಿಕೆ: ಭದ್ರತಾ ಮಂಡಳಿಯ ಆ ಹನ್ನೊಂದು ಹೆಸರುಗಳನ್ನು ಒಮ್ಮೆ ಓದಿ. ನಮ್ಮವರು ಯಾರೆಂಬುದನ್ನು ಆಮೇಲೆ ಮಾತಾಡೋಣ.