ಸ್ಟಿಯರಿಂಗ್ ಒಳಗಿನ ಮೆಗ್ನೀಸಿಯಂ

ಸ್ಟಿಯರಿಂಗ್ ಚಕ್ರದ ಒಳಚೌಕಟ್ಟು, ಡ್ಯಾಶ್‌ಬೋರ್ಡ್ ಹಿಂದಿನ ಅಡ್ಡತೊಲೆ ಎಷ್ಟೋ ಕಾರುಗಳಲ್ಲಿ ಮೆಗ್ನೀಸಿಯಂನವು. ಅಲ್ಯೂಮಿನಿಯಂಗಿಂತ ಮೂರನೇ ಒಂದು ಪಾಲು ಹಗುರ. ಶಾಲೆಯಲ್ಲಿ ಕಣ್ಣು ಕೋರೈಸುವಂತೆ ಉರಿದ ರಿಬ್ಬನ್ ನೆನೆದು ಹೆದರಬೇಕಿಲ್ಲ. ತೆಳು ಪಟ್ಟಿ, ಪುಡಿ ಬೇಗ ಹತ್ತಿಕೊಳ್ಳುತ್ತವೆ. ದಪ್ಪ ಎರಕ ಹೊತ್ತಲು ಅದು ಕರಗುವ 650 ಡಿಗ್ರಿಯ ಆಸುಪಾಸಿಗೆ ಕಾಯಬೇಕು.

ನನಗೆ ಚಿಂತೆ ಬೆಂಕಿ ಆರಿಸಲು ಬರುವವರದ್ದು. ಹೊತ್ತಿದ ಮೆಗ್ನೀಸಿಯಂಗೆ ನೀರು ಬಿದ್ದರೆ ಹೈಡ್ರೋಜನ್ ಹುಟ್ಟಿ, ಬಿಳಿ ಕಿಡಿಗಳು ಸಿಡಿಯುತ್ತವೆ. ಕ್ಯಾಲಿಫೋರ್ನಿಯಾದ ನಮ್ಮ ಸನ್ನಿವೇಲ್‌ನಲ್ಲಿ 1950ರಿಂದಲೂ ಪೊಲೀಸ್ ಕೆಲಸ, ಅಗ್ನಿಶಾಮಕ ಕೆಲಸ ಎರಡಕ್ಕೂ ತರಬೇತಿ ಪಡೆದವರು ಒಂದೇ ಸಿಬ್ಬಂದಿ; ಅಪಘಾತದ ಸ್ಥಳಕ್ಕೆ ಬರುವ ಪೊಲೀಸರೇ ಬೆಂಕಿಯನ್ನೂ ಆರಿಸಬೇಕಾಗಬಹುದು. ಅದಕ್ಕೇ ಯಾವ ಭಾಗ ಮೆಗ್ನೀಸಿಯಂ ಎಂಬುದನ್ನು ರಕ್ಷಣಾ ಸಿಬ್ಬಂದಿಯ ಕೈಗೆ ಸಿಗುವ ಕಾರಿನ ನಕ್ಷೆಯಲ್ಲಿ ಎದ್ದು ಕಾಣುವಂತೆ ಗುರುತಿಸಲೇಬೇಕು.