ಪೆನ್ಸಿಲ್ ಹಿಡಿದವರು ಯಾರು?

ಯುದ್ಧದ ಚಿತ್ರ ನೋಡುವಾಗ ನಮ್ಮ ಕಣ್ಣು ಕೋವಿ, ಕುದುರೆ, ಹೊಗೆಯ ಮೇಲೆ ನಿಲ್ಲುತ್ತದೆ. ಅದನ್ನು ಬರೆದವನು ಯಾರ ಪಾಳೆಯದಲ್ಲಿ ಕುಳಿತಿದ್ದ ಎಂದು ಕೇಳುವವರು ಕಡಿಮೆ. ಬೀದರಿನ ಶಾಲೆಯೊಂದರಲ್ಲಿ ಹಲವು ವರ್ಷ ಚಿತ್ರಕಲೆ ಕಲಿಸಿದ ನನ್ನನ್ನು ಈ ಪ್ರಶ್ನೆ ಬಿಟ್ಟೂಬಿಡದೆ ಕಾಡಿದೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸೇನೆಯಲ್ಲಿ ಚಿತ್ರಕಾರರದೇ ಒಂದು ಪಡೆ ಇತ್ತು. ಅವರೂ ಸಮವಸ್ತ್ರ ತೊಟ್ಟ ಸೈನಿಕರೇ. ರಣರಂಗಕ್ಕೆ ಹೋಗಿ ಕಂಡದ್ದನ್ನು ಬರೆದು ತರುವುದು ಅವರ ಕೆಲಸ. ಯುದ್ಧ ಮುಗಿದ ಮೇಲೆ, 1946-47ರಲ್ಲಿ, ಅಮೆರಿಕದ ಸೇನೆಯ ಕ್ಯಾಪ್ಟನ್ ಗಾರ್ಡನ್ ಗಿಲ್ಕಿ ಎಂಬವರು ಇಂಥ ಚಿತ್ರಗಳನ್ನೂ ನಾಝಿ ಆಡಳಿತದ ಇತರ ಕೃತಿಗಳನ್ನೂ ಹುಡುಕಿ ವಶಪಡಿಸಿಕೊಂಡರು. ಒಟ್ಟು 8 ಸಾವಿರಕ್ಕೂ ಹೆಚ್ಚು. ಗಿಲ್ಕಿ ಸ್ವತಃ ಕಲಾವಿದರು. 1986ರಲ್ಲಿ ಅವುಗಳ ದೊಡ್ಡ ಭಾಗ ಜರ್ಮನಿಗೆ ಮರಳಿತು. ಕೆಲವು ನೂರು ಅಮೆರಿಕದಲ್ಲೇ ಉಳಿದವು.

ಆ ಚಿತ್ರಗಳಲ್ಲಿ ಎಲ್ಲವೂ ಅಬ್ಬರವಲ್ಲ. ಕೆಸರಿನಲ್ಲಿ ಸಿಕ್ಕ ಗಾಡಿ, ದಣಿದ ಕುದುರೆ, ನಿದ್ದೆಗೆಟ್ಟ ಹುಡುಗ ಸೈನಿಕನ ಮುಖವೂ ಇವೆ. ಅಪ್ಪಣೆಯಂತೆ ಚಲಿಸಿದ ಕೈಯಲ್ಲೂ ಒಂದಿಷ್ಟು ಸತ್ಯ ಜಾರಿ ಕಾಗದಕ್ಕೆ ಬಿದ್ದಿದೆ. ಆದರೆ ಅದೇ ಸೇನೆ ಸಾಗಿದ ಹಾದಿಯಲ್ಲಿ ಕಂದಕದ ಅಂಚಿಗೆ ನಿಲ್ಲಿಸಿ ಕೊಲ್ಲಲಾದ ಯಹೂದಿ ಕುಟುಂಬಗಳನ್ನು ಬರೆಯಲು ಆ ಪಡೆಯನ್ನು ಕಳಿಸಿರಲಿಲ್ಲ.

ನಮ್ಮ ನಾಡಿನ ಕಥೆಯೂ ಬೇರೆಯಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನವಿದೆ. ಹೈದರ್ ಮತ್ತು ಟಿಪ್ಪು ಗೆದ್ದಿದ್ದಾರೆ. ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತಿದ್ದಾನೆ. ಹನ್ನೊಂದು ವರ್ಷಗಳ ನಂತರ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ ಮೈಸೂರು ಸೀಮೆಯ ಕೋಟೆಗಳನ್ನು ಬರೆದ. 1792ರಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ್ದನ್ನೂ ಬರೆದ. ಅವನ ಚಿತ್ರದಲ್ಲಿ ಅದೊಂದು ಗಂಭೀರ ಸಮಾರಂಭ. ಆ ಮಕ್ಕಳ ತಾಯಂದಿರ ಕೈಗೆ ಯಾರೂ ಕುಂಚ ಕೊಡಲಿಲ್ಲ.

ಇನ್ನು ನಮ್ಮ ಬೀದರ್. 1948ರ ಬಗ್ಗೆ ಎಲ್ಲರಿಗೂ ನೆನಪಿರುವುದು ಒಂದೇ ಚಿತ್ರ: ಬೇಗಂಪೇಟ್ ವಿಮಾನ ನಿಲ್ದಾಣದಲ್ಲಿ ಸರ್ದಾರ್ ಪಟೇಲರಿಗೆ ನಿಜಾಮರು ಕೈಮುಗಿದ ಫೋಟೋ. ಅದೂ ಮರುವರ್ಷದ್ದು. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಹಿಂದೂಗಳನ್ನು ಕೊಂದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು, ಐದೇ ದಿನದಲ್ಲಿ ನಿಜಾಮಶಾಹಿ ಮುಗಿಯಿತು. ಆಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಕೊಲೆ, ಲೂಟಿ ನಡೆಯಿತು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು; ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.

ನಮ್ಮ ನಾನಿಯ ತವರು ಔರಾದ್ ಕಡೆಯ ಒಂದು ಹಳ್ಳಿ. ಪಕ್ಕದ ಮನೆಯ ಲಿಂಗಾಯತ ಅವ್ವ ಅವರನ್ನೂ ಎರಡು ಮಕ್ಕಳನ್ನೂ ಖಾಲಿ ಹಗೇವಿನಲ್ಲಿ ಇಳಿಸಿ, ಬಾಯಿಯ ಮೇಲೆ ಜೋಳದ ಕಣಕಿ ಹರಡಿದ್ದರಂತೆ. ಮೂರು ರಾತ್ರಿ ಹಗ್ಗಕ್ಕೆ ಕಟ್ಟಿ ರೊಟ್ಟಿ ಇಳಿಸಿದರಂತೆ. “ಕೆಳಗಿಂದ ನೋಡಿದರೆ ಆಕಾಶ ಒಂದು ತಾಟಿನಷ್ಟಿತ್ತು ಬೇಟಾ” ಎನ್ನುತ್ತಿದ್ದರು ನಾನಿ. ಭಾಲ್ಕಿಯ ನನ್ನ ಸಹೋದ್ಯೋಗಿಯೊಬ್ಬರ ಅಜ್ಜಿಗೂ ಒಂದು ರಾತ್ರಿಯ ನೆನಪಿತ್ತು. ಅದು ರಜಾಕಾರರು ಬಂದ ರಾತ್ರಿ. ಕೂಸು ಅಳದಂತೆ ಸೆರಗನ್ನು ಅದರ ಬಾಯಿಗಿಟ್ಟು ಆಕೆ ಹಳ್ಳದ ದಂಡೆಯಲ್ಲಿ ಅಡಗಿ ಕುಳಿತಿದ್ದರು. ಶಾಲೆಯ ಕಟ್ಟೆಯ ಮೇಲೆ ನಾವಿಬ್ಬರೂ ಈ ಕಥೆಗಳನ್ನು ಹೇಳಿಕೊಂಡ ದಿನ ಯಾರ ನೋವು ದೊಡ್ಡದೆಂಬ ಲೆಕ್ಕ ಹಾಕಲಿಲ್ಲ. ಸುಮ್ಮನೆ ಚಹಾ ಕುಡಿದೆವು.

ಪ್ರತಿ ಸೆಪ್ಟೆಂಬರ್ 17ಕ್ಕೆ ಮಕ್ಕಳು ಧ್ವಜ ಬರೆಯುತ್ತಿದ್ದರು, ಪಟೇಲರನ್ನು ಬರೆಯುತ್ತಿದ್ದರು. ಬರೆಯಲಿ, ತಪ್ಪೇನಿಲ್ಲ. ಒಂದು ವರ್ಷ ಮಾತ್ರ, ಮನೆಯ ಅತ್ಯಂತ ಹಿರಿಯರನ್ನು ಕೇಳಿ ಅವರು ಹೇಳಿದ್ದನ್ನು ಬರೆದು ತನ್ನಿ ಎಂದೆ. ಬಂದ ಹಾಳೆಗಳಲ್ಲಿ ಕೋವಿ ಹಿಡಿದವರು ಕಡಿಮೆ ಇದ್ದರು. ಬೀಗ ಹಾಕಿದ ಬಾಗಿಲು, ಬಾವಿ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು ಇದ್ದರು. ಒಬ್ಬ ಹುಡುಗಿ ಹಾಳೆ ತುಂಬ ಕಪ್ಪು ಬಳಿದು ನಡುವೆ ಸಣ್ಣದೊಂದು ಕಿಟಕಿ ಬಿಟ್ಟಿದ್ದಳು. ಅದೇನೆಂದು ನಾನು ಕೇಳಲಿಲ್ಲ.

ಸೇನೆಗಳು ಚಿತ್ರಕಾರರನ್ನು ನೇಮಿಸಿಕೊಳ್ಳುತ್ತವೆ. ಹಗೇವಿನೊಳಗೆ ಕುಳಿತವರಿಗೆ ಅಂಥ ಅನುಕೂಲವಿಲ್ಲ. ಅವರ ಚಿತ್ರಗಳಿರುವುದು ಮಾತಿನಲ್ಲಿ ಮಾತ್ರ. ಆಗ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ಓದುಗರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥವರೊಬ್ಬರಿದ್ದರೆ, ಅವರು ಯಾವ ಧರ್ಮದವರೇ ಆಗಿರಲಿ, ಈ ವಾರವೇ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಮಗುವನ್ನೂ ಕರೆದೊಯ್ಯಿರಿ, ಅದರ ಕೈಗೊಂದು ಪೆನ್ಸಿಲ್ ಕೊಡಿ.